ಬಿಟ್ಟ ಎರಡು ಸಾಲು

ಗುಬ್ಬಿ
೯ ಜನವರಿ ೨೦೨೪

ಪ್ರೀತಿಯ ಮುಬಿ,

ನಿನ್ನೆ ನಿನ್ನ ಕ್ಲಾಸಿನ ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದೆ. ನೀನು ಎರಡು ಸಲ ಬಾಗಿಲಿಗೆ ಬಂದು "ಏನಾದ್ರೂ ಹೇಳ್ಬೇಕಿತ್ತೇನೇ?" ಅಂದೆ. ಏನಿಲ್ಲ ಎಂದು ಭೂಮಿಕಾಳ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟೆ. ಕುಣಿಗಲ್ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಪಕ್ಕದಲ್ಲೇ ಕೂತವಳು ನೀನು. ನಾಲ್ಕು ವರ್ಷದಿಂದ ನನ್ನ ಮಗಳ ಟೀಚರ್. ಆದರೂ ಬಾಯಿ ಬರಲಿಲ್ಲ. ಈಗ ಅತ್ತೆ ಮಠಕ್ಕೆ ಹೋಗಿದ್ದಾರೆ, ಮನೆಯಲ್ಲಿ ಯಾರೂ ಇಲ್ಲ, ಬರೆಯುತ್ತಿದ್ದೇನೆ.

ಅಂತರಸನಹಳ್ಳಿಯ ಕಾರ್ಖಾನೆ ಮುಚ್ಚುತ್ತಿದ್ದಾರೆ. ನಮ್ಮನೆಯವರು ಪ್ರಭುದೇವ ಇರುವ ವಿಭಾಗದಲ್ಲಿ ಇವರೊಬ್ಬರಿಗೆ ಮಾತ್ರ ಶಾರ್ಜಾದ ಪ್ಲಾಂಟಿನಲ್ಲಿ ಕೆಲಸ ಕೊಟ್ಟಿದ್ದಾರೆ. ಮಾರ್ಚ್ ಕೊನೆಗೆ ಹೊರಡಬೇಕು. ವಿಷಯ ತಿಳಿದ ದಿನವೇ ಅತ್ತೆ ಹೇಳಿದರು: "ದೊಡ್ಡೋಳು ನಮ್ಮತ್ರ ಇರ್ಲಿ ಬುಡು. ಚಿಕ್ಕೋನ್ನ ಕರ್ಕೊಂಡು ನೀವ್ ಹೋಗ್ರಿ. ಅಲ್ಲಿ ಇವ್ಳನ್ನ ಯಾರ್ ನೋಡ್ತಾರೆ?" ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ನಾನು ಅನ್ನ ಬಡಿಸುತ್ತಿದ್ದ ಕೈ ನಿಲ್ಲಿಸಿ, ಅವಳಿಲ್ಲದೆ ವಿಮಾನ ಹತ್ತುವುದಿಲ್ಲ ಎಂದೆ. ಇವರು ತಲೆ ಎತ್ತದೆ ಅನ್ನ ಕಲಸುತ್ತಿದ್ದರು. ಅದು ನನಗೆ ಅತ್ತೆಯ ಮಾತಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅವತ್ತಿನಿಂದ ಅಲ್ಲಿನ ಶಾಲೆಗಳಿಗೆ ಫೋನು ಮಾಡುತ್ತಿದ್ದೇನೆ. ಮೊದಲ ಶಾಲೆಯವರು ಭೂಮಿಕಾಳ ವಯಸ್ಸು, ಆಟಿಸಂ, ಎಲ್ಲ ಕೇಳಿ "ಸೀಟು ಭರ್ತಿ" ಎಂದರು. ಅದೇ ಫೋನಿನಲ್ಲಿ ಅವಳ ತಮ್ಮ ಬಸವಪ್ರಭುವಿಗೆ ಸೀಟು ಕೇಳಿದೆ. ಒಂದನೇ ತರಗತಿಗೆ ಸೀಟಿದೆಯಂತೆ, ನಾಳೆಯೇ ಫಾರಂ ಕಳಿಸುತ್ತಾರಂತೆ. ಇನ್ನೊಂದು ಶಾಲೆಯವರು, ಮಗುವಿನ ಪಕ್ಕ ದಿನವೆಲ್ಲ ಕೂರುವ ಆಳನ್ನು ನೀವೇ ಕರೆತರುವುದಾದರೆ ಯೋಚಿಸೋಣ ಎಂದರು. ಇಂಥ ಮಕ್ಕಳಿಗೆಂದೇ ಇರುವ ಒಂದು ಕೇಂದ್ರ ಸಿಕ್ಕಿತು. ಹೆಸರು ಬರೆಸಿಟ್ಟು ಎರಡು ವರ್ಷ ಕಾಯಬೇಕಂತೆ. ಎಲ್ಲರೂ ಕೊನೆಗೆ ಕೇಳುವುದು ಒಂದೇ, ಹಿಂದಿನ ಶಾಲೆಯ ರಿಪೋರ್ಟ್ ಕಳಿಸಿ.

ಮುಬಿ, ಆ ರಿಪೋರ್ಟ್ ಬರೆಯುವವಳು ನೀನು. ಗದ್ದಲವಾದರೆ ಓಡುತ್ತಾಳೆ ಅನ್ನುವುದನ್ನು ಬರೆಯಬೇಡ. ಯಾವಾಗಲೂ ಜೊತೆಗೆ ಒಬ್ಬರು ಇರಬೇಕು ಅನ್ನುವುದೂ ಬೇಡ. ಸುಳ್ಳು ಬರೆ ಅನ್ನುತ್ತಿಲ್ಲ. ಆ ಎರಡು ಸಾಲು ಬಿಡು, ಅಷ್ಟೆ. ಒಳಗೆ ಸೇರಿಸಿಕೊಂಡ ಮೇಲೆ ನಾನೇ ಹೇಳಿಕೊಳ್ಳುತ್ತೇನೆ.

ಕೋಪ ಮಾಡಿಕೊಳ್ಳಬೇಡ.

ನಿನ್ನ
ಅನು


ತುಮಕೂರು
೧೪ ಜನವರಿ ೨೦೨೪

ಅನು,

ಪತ್ರ ಸಿಕ್ಕಿತು. ಫೋನು ಮಾಡೋಣ ಎಂದುಕೊಂಡೆ, ಮಾಡಲಿಲ್ಲ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಹೂಂ ಅಂದುಬಿಡುತ್ತೇನೆ. ಈ ಮಾತು ಕಾಗದದಲ್ಲೇ ಆಗಲಿ.

ಕಳೆದ ವರ್ಷ ಗಣಪತಿ ಬಿಡುವ ದಿನ ನೀನು ಊರಲ್ಲಿರಲಿಲ್ಲ. ತಮಟೆ ನಮ್ಮ ರಸ್ತೆಗೆ ಬಂತು. ಹಾಲಿನವನು ಗೇಟು ತೆಗೆದು ಮುಚ್ಚುವಷ್ಟರಲ್ಲಿ ಭೂಮಿಕಾ ಹೊರಗಿದ್ದಳು. ಆಯಾ ಹನುಮಂತಮ್ಮ ಬರಿಗಾಲಲ್ಲಿ ಓಡಿದಳು, ಅವಳ ಹಿಂದೆ ನಾನು. ಬಿ.ಎಚ್. ರೋಡಿನ ನಡುವೆ ಬಸ್ಸೊಂದು ಕಿರ್ರೆಂದು ನಿಂತಿತು. ಬಂಪರಿಗೂ ಮಗುವಿಗೂ ಮಧ್ಯೆ ಒಂದು ಮೊಳವಿತ್ತೋ ಇಲ್ಲವೋ. ಡ್ರೈವರ್ ಇಳಿದು ಬಂದು, "ಏನಮ್ಮಾ, ಮಗೀನ್ ಬುಟ್ಟು ಎಲ್ ನೋಡ್ತಿದ್ದೆ?" ಎಂದು ಎಲ್ಲರೆದುರು ಬೈದ. ಸಂಜೆ ನಿನಗೆ ಫೋನಿನಲ್ಲಿ ಹೇಳಿದೆ. "ಏನೂ ಆಗ್ಲಿಲ್ವಲ್ಲ, ಬಿಡು" ಅಂದೆ ನೀನು. ನನಗೆ ಬಿಡಲಾಗಲಿಲ್ಲ. ಅವತ್ತಿನಿಂದ ಗೇಟಿಗೆ ಎರಡು ಚಿಲಕ ಹಾಕಿಸಿದ್ದೇನೆ.

ಅವಳಿಗೆ ಬರುವ ಮಾತು ಇಪ್ಪತ್ತಮೂರು. ಬೇಕು, ಸಾಕು, ನೀರು, ಬಾ, ಬೇಡ... ಎಲ್ಲವೂ ಕನ್ನಡ. "ಹೋಗ್ಬೇಕು" ಎಂದು ಚಡ್ಡಿ ಒದ್ದೆಯಾಗುವ ಮುಂಚೆ ಹೇಳುವುದನ್ನು ಕಲಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಇಂಗ್ಲಿಷಿನಲ್ಲಿ ನಿಲ್ಲು ಎಂದರೆ ಅವಳು ನಿಲ್ಲುವುದಿಲ್ಲ. ಇದನ್ನೆಲ್ಲ ತಿಳಿಯದ ಮೂವತ್ತು ಮಕ್ಕಳ ಕ್ಲಾಸಿಗೆ ನಾನು ಅವಳನ್ನು ಹೇಗೆ ಕಳಿಸಲಿ?

ರಿಪೋರ್ಟ್ ಇದರ ಜೊತೆಗಿದೆ. ಆ ಎರಡು ಸಾಲೂ ಇವೆ. ಅವಳು ಏನೇನು ಮಾಡಬಲ್ಲಳು ಎನ್ನುವುದನ್ನೂ ಒಂದೂ ಬಿಡದೆ ಬರೆದಿದ್ದೇನೆ. ಓದಿದವರಿಗೆ ಮನಸ್ಸಿದ್ದರೆ ಸಾಕು.

ಮುಬಶ್ಶಿರಾ


ಗುಬ್ಬಿ
೨ ಫೆಬ್ರವರಿ ೨೦೨೪

ಮುಬಶ್ಶಿರಾ,

ಓದಿದವರಿಗೆ ಮನಸ್ಸಿರಲಿಲ್ಲ. ಎರಡು ಶಾಲೆಗೆ ಕಳಿಸಿದೆ. ಒಂದರಿಂದ ಅರ್ಧ ದಿನದಲ್ಲೇ ಉತ್ತರ ಬಂತು: ಮಗುವಿನ ಸುರಕ್ಷತೆಯ ದೃಷ್ಟಿಯಿಂದ ವಿಷಾದಿಸುತ್ತೇವೆ. ಇನ್ನೊಂದು ಶಾಲೆಯ ಹೆಂಗಸು ಫೋನಿನಲ್ಲಿ ಬಹಳ ಸಿಹಿಯಾಗಿ ಮಾತಾಡಿದಳು. ನಿಮ್ಮ ಟೀಚರ್ ತುಂಬ ಚೆನ್ನಾಗಿ ಬರೆದಿದ್ದಾರೆ, ಅವರು ಹೇಳಿದ್ದರಿಂದಲೇ ನಮಗೆ ತಿಳಿಯಿತು, ಇಲ್ಲದಿದ್ದರೆ ತೆಗೆದುಕೊಂಡುಬಿಡುತ್ತಿದ್ದೆವು ಎಂದಳು. ಕೇಳಿಸಿತಾ? ತೆಗೆದುಕೊಂಡುಬಿಡುತ್ತಿದ್ದರಂತೆ.

ಬಸವಪ್ರಭುವಿಗೆ ಮೂರು ಕಡೆ ಸೀಟಿದೆ. ಅವನ ಯೂನಿಫಾರಂ ಯಾವ ಬಣ್ಣದ್ದು ಚೆಂದ ಎಂದು ಅವರಪ್ಪ ಅವನನ್ನು ಕೂರಿಸಿಕೊಂಡು ಫೋನಿನಲ್ಲಿ ಫೋಟೋ ತೋರಿಸುತ್ತಿದ್ದರು. ಭೂಮಿಕಾ ಪಕ್ಕದಲ್ಲೇ ನೆಲದ ಮೇಲೆ ಕೂತು ಪಜಲ್ ಜೋಡಿಸುತ್ತಿದ್ದಳು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಇವರು ಆಗಲೇ ಮೂರು ಜನರ ಸಂಸಾರದ ಲೆಕ್ಕದಲ್ಲಿ ಯೋಚಿಸುತ್ತಿದ್ದಾರೆ ಅನ್ನಿಸಿತು. ನಿನ್ನೆ ಕೇಳಿಯೇಬಿಟ್ಟರು: "ಒಂದ್ ವರ್ಷ ಅಮ್ಮನ್ ಹತ್ರ ಬಿಟ್ರೆ ಏನಾಗುತ್ತೆ ಅನು? ಆಮೇಲೆ ಕರೆಸ್ಕೊಳೋಣ." ಒಂದು ವರ್ಷ ಅಂತ ಬಿಟ್ಟವರು ಎಷ್ಟು ಜನ ಕರೆಸಿಕೊಂಡಿದ್ದಾರೆ?

ನಿನಗೆ ನಿಯಮ ಮುಖ್ಯ. ಒಪ್ಪಿದೆ. ಆದರೆ ಸಂಜೆ ನಾಲ್ಕಕ್ಕೆ ನಿನ್ನ ಗೇಟು ಮುಚ್ಚುತ್ತದೆ ಮುಬಿ. ಎರಡಲ್ಲ, ಹತ್ತು ಚಿಲಕ ಹಾಕಿಸು, ಆದರೂ ನಾಲ್ಕಕ್ಕೆ ಮುಚ್ಚಿ ಮನೆಗೆ ಹೋಗುತ್ತೀಯ. ನನಗೆ ನಾಲ್ಕು ಗಂಟೆ ಅನ್ನುವುದೇ ಇಲ್ಲ. ನಿನಗೆ ಮಕ್ಕಳಿಲ್ಲ. ನಿನಗೆ ಇದು ಅರ್ಥವಾಗುವುದಿಲ್ಲ.

ಇನ್ನೊಂದೇ ಶಾಲೆ ಉಳಿದಿದೆ. ಹದಿನೈದನೇ ತಾರೀಖಿನೊಳಗೆ ಕಾಗದ ಕೇಳಿದ್ದಾರೆ.

ಅನುಪಮಾ


ತುಮಕೂರು
೬ ಫೆಬ್ರವರಿ ೨೦೨೪

ಅನುಪಮಾ,

ರಿಪೋರ್ಟ್ ಇಟ್ಟಿದ್ದೇನೆ. ನೀನು ಹೇಳಿದ ಎರಡು ಸಾಲು ಇದರಲ್ಲಿಲ್ಲ. ಲೆಟರ್‌ಹೆಡ್ಡಿನ ಮೇಲೆ ಸಹಿ, ಸೀಲು ಎರಡೂ ಇವೆ.

ಒಂದು ಮಾತು. ಮೊದಲ ದಿನ, ಮೊದಲ ಗಂಟೆಗೆ, ಅವಳ ಕ್ಲಾಸ್ ಟೀಚರನ್ನು ಪಕ್ಕಕ್ಕೆ ಕರೆದು ಓಡುವ ವಿಷಯ ನಿನ್ನ ಬಾಯಿಂದಲೇ ಹೇಳು. ಗೇಟು ತೋರಿಸಿಕೊಂಡು ಹೇಳು. ಇದಕ್ಕೆ ಒಪ್ಪಿದರೆ ಮಾತ್ರ ಈ ಕಾಗದ ಕಳಿಸು, ಇಲ್ಲದಿದ್ದರೆ ಹರಿದುಹಾಕು.

ನನಗೆ ಮಕ್ಕಳಿಲ್ಲ ಎಂದದ್ದಕ್ಕೆ ಹೆದರಿ ಬರೆದೆ ಅಂದುಕೊಳ್ಳಬೇಡ. ಸೋಮವಾರ ಅವಳು ಪಜಲ್ ಮುಗಿಸಿ, ತಾನಾಗಿಯೇ ಬಂದು ನನ್ನ ಮೊಣಕೈ ಹಿಡಿದು "ಬಾ" ಎಂದು ಕರೆದುಕೊಂಡು ಹೋಗಿ ತೋರಿಸಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ. ಇಂಥವಳು ಗುಬ್ಬಿಯ ಮನೆಯ ನಡುಕೋಣೆಯಲ್ಲಿ ಕೂತುಬಿಡುತ್ತಾಳಲ್ಲ ಅನ್ನಿಸಿತು. ಅದಕ್ಕೆ ಬರೆದೆ.

ಮುಬಶ್ಶಿರಾ


ಶಾರ್ಜಾ
೨೮ ಏಪ್ರಿಲ್ ೨೦೨೪

ಪ್ರೀತಿಯ ಮುಬಿ,

ಹೊರಡುವ ಮುಂಚೆ ಬಂದು ನಿನ್ನನ್ನು ಕಾಣಲಿಲ್ಲ. ಪ್ಯಾಕಿಂಗು, ಪಾಸ್‌ಪೋರ್ಟು ಎಂದು ನೆಪ ಹೇಳಬಹುದು. ನೀನು ನಂಬುವುದಿಲ್ಲ.

ಸೀಟು ಸಿಕ್ಕಿತು! ಹತ್ತು ನಿಮಿಷ ಮಗುವನ್ನು ಕೂರಿಸಿಕೊಂಡು ನೋಡಿದರು. ಅವಳ ಅದೃಷ್ಟಕ್ಕೆ ಮೇಜಿನ ಮೇಲೆ ಮರದ ಪಜಲ್ ಇತ್ತು. ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಜೋಡಿಸಿಟ್ಟಳು. ಪ್ರಿನ್ಸಿಪಾಲರು ನಕ್ಕು, ಮಾತು ನಿಧಾನವಾಗಿ ಬರುತ್ತೆ ಬಿಡಿ ಎಂದರು. ಎರಡನೇ ತರಗತಿಗೆ ಹಾಕಿದ್ದಾರೆ. ತನಗಿಂತ ಎರಡು ವರ್ಷ ಚಿಕ್ಕ ಮಕ್ಕಳ ಜೊತೆ ಕೂರುತ್ತಾಳೆ. ಇರಲಿ. ಬಸವಪ್ರಭುವಿಗೂ ಅದೇ ಶಾಲೆ. ನೀಲಿ ಯೂನಿಫಾರಂ ಹಾಕಿ ಇಬ್ಬರನ್ನೂ ಲಿಫ್ಟಿನ ಕನ್ನಡಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದೆ. ಅತ್ತೆಗೆ ಕಳಿಸಿದಾಗ ಅವರು ಭೂಮಿಕಾಳ ಫೋಟೋ ನೋಡಿ ಅತ್ತರಂತೆ.

ಏಳನೇ ಮಹಡಿಯಲ್ಲಿ ಮನೆ. ಕೆಳಗೆ ಇಳಿದರೆ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ರಾಗಿ ಹಿಟ್ಟು ಸಿಗುತ್ತದೆ. ಬಸು ಆಗಲೇ ಹಿಂದಿಯಲ್ಲಿ ಜಗಳವಾಡಲು ಕಲಿತಿದ್ದಾನೆ. ಭೂಮಿಕಾ ಸ್ವಲ್ಪ ಮಂಕಾಗಿದ್ದಾಳೆ. "ನೀರು" ಎನ್ನುವುದನ್ನು ಬಿಟ್ಟಿದ್ದಾಳೆ, ಬಾಟಲಿಯ ಕಡೆ ನೋಡುತ್ತಾಳೆ ಅಷ್ಟೆ. ಹೊಸ ಜಾಗವಲ್ಲವೆ, ಸರಿಹೋಗುತ್ತದೆ. ಕ್ಲಾಸಿನಲ್ಲಿ ಮೂವತ್ತೊಂದು ಮಕ್ಕಳು. ಟೀಚರ್ ಕೇರಳದವರು, ಚಿಕ್ಕ ವಯಸ್ಸು, ಒಳ್ಳೆಯವರ ಹಾಗೆ ಕಾಣುತ್ತಾರೆ.

ವಿಳಾಸ ಕವರಿನ ಹಿಂದಿದೆ. ಇಲ್ಲಿ ಮನೆಗೆ ಅಂಚೆ ಬರುವುದಿಲ್ಲ, ಇವರ ಕಂಪನಿಯ ಪೆಟ್ಟಿಗೆಗೆ ಬರೆಯಬೇಕು.

ನಿನ್ನ
ಅನು


ತುಮಕೂರು
೨೦ ಮೇ ೨೦೨೪

ಅನು,

ಎರಡು ಹಾಳೆ ಬರೆದಿದ್ದೀಯ. ರಾಗಿ ಹಿಟ್ಟು ಸಿಗುತ್ತದೆ ಎಂದು ತಿಳಿಯಿತು. ಟೀಚರಿಗೆ ಹೇಳಿದೆಯೋ ಇಲ್ಲವೋ ಎನ್ನುವುದು ಮಾತ್ರ ಎಲ್ಲೂ ಇಲ್ಲ. ಮೂರು ಸಲ ಓದಿದೆ.

ಗೇಟಿಗೆ ಯಾರಿರುತ್ತಾರೆ? ಬೆಲ್ಲು ಎಷ್ಟು ಜೋರು? ಆಟಕ್ಕೆ ಬಿಟ್ಟಾಗ ಅವಳ ಕೈ ಯಾರು ಹಿಡಿದಿರುತ್ತಾರೆ? ಇನ್ನೂ ಹೇಳಿಲ್ಲವಾದರೆ ನಾಳೆಯೇ ಹೋಗಿ ಹೇಳು. ಸೀಟು ಹೋದರೆ ಹೋಗಲಿ. ನಾನು ಬಿಟ್ಟ ಸಾಲನ್ನು ನೀನು ತುಂಬುತ್ತೀಯ ಎಂದು ನಂಬಿ ಬಿಟ್ಟೆ.

"ನೀರು" ಬಿಟ್ಟಿರುವುದು ಒಳ್ಳೆಯದಲ್ಲ. ಬಾಟಲಿ ನೋಡಿದರೆ ಕೊಟ್ಟುಬಿಡಬೇಡ. ಅವಳು ಹೇಳುವವರೆಗೆ ಎದುರಿಗೆ ಕೂತು, ನೀನೇ ಹೇಳಿ, ಕಾಯಿ.

ಉತ್ತರ ಬೇಗ ಬರೆ.

ಮುಬಶ್ಶಿರಾ


ಕುಣಿಗಲ್
೩ ಜುಲೈ ೨೦೨೪

ಅನುಪಮಾ,

ಉತ್ತರ ಬರಲಿಲ್ಲ. ನಿನ್ನ ಬದಲು ನಿನ್ನ ಮಕ್ಕಳ ಶಾಲೆಯವರೇ ಬರೆದರು, ನನಗಲ್ಲ, ನಮ್ಮ ಸಂಸ್ಥೆಯ ಕಾರ್ಯದರ್ಶಿ ಶಿವರಾಮಯ್ಯನವರಿಗೆ.

ಕಳೆದ ಬುಧವಾರ ಮಕ್ಕಳಿಗೆ ಊಟ ಮಾಡಿಸುತ್ತಿದ್ದೆ. ಆಫೀಸಿಗೆ ಕರೆ ಬಂತು. ಅವರ ಮುಂದೆ ಆ ಈಮೇಲಿನ ಪ್ರಿಂಟು, ಅದರ ಜೊತೆ ನನ್ನ ರಿಪೋರ್ಟು.

"ಏನ್ ಮೇಡಂ ಇದು? ಮಗು ಓಡ್ತದೆ ಅಂತ ನಿಮಗ್ ಗೊತ್ತಿರ್ಲಿಲ್ವಾ? ಗೇಟಿಗೆ ಎರಡನೇ ಚಿಲಕ ಹಾಕ್ಸಿದ್ದು ನೀವೇ ಅಲ್ವಾ?"

"ಗೊತ್ತಿತ್ತು ಸಾರ್."

"ಮತ್ತೆ ಬರೀಲಿಲ್ಲ ಯಾಕೆ? ಮರೆತ್ರಾ?"

ಮರೆತೆ ಎಂದಿದ್ದರೆ ಅವರು ಬಿಡುತ್ತಿದ್ದರು. ಆ ಮಾತನ್ನು ಅವರೇ ನನ್ನ ಬಾಯಿಗೆ ಇಡುತ್ತಿದ್ದರು. "ಮರೆತಿಲ್ಲ ಸಾರ್, ಬಿಟ್ಟೆ" ಎಂದೆ.

"ಮನೆಯವ್ರು ಏನಾದ್ರೂ ಬಿಡಿ ಅಂದ್ರಾ?"

"ಇಲ್ಲ."

ಅವರು ಇನ್ನೊಂದು ಹಾಳೆ ಮುಂದೆ ತಳ್ಳಿದರು. ಓದಿ ಎಂದರು. ಅದರಲ್ಲಿ ಜೂನ್ ಹನ್ನೊಂದರಂದು ಬೆಂಕಿಯ ಅಭ್ಯಾಸದ ಸೈರನ್ ಹೊಡೆದದ್ದು, ಭೂಮಿಕಾ ಶೂ ಕಳಚಿ ಎಸೆದು ಬಸ್ಸಿನ ಗೇಟಿನಿಂದ ಓಡಿದ್ದು, ಎರಡು ಗಂಟೆ ಸಿಕ್ಕದೆ ಹೋದದ್ದು, ಬಿಸಿಲಿಗೆ ಕಾದ ರಸ್ತೆಯಲ್ಲಿ ಎರಡೂ ಪಾದ ಸುಟ್ಟದ್ದು ಎಲ್ಲ ಇತ್ತು. ಕೆಳಗೆ ತಂದೆತಾಯಿಯ ಹೇಳಿಕೆ: ಮಗುವಿಗೆ ಈ ಅಭ್ಯಾಸವಿರುವುದನ್ನು ಹಿಂದಿನ ಶಿಕ್ಷಕಿ ನಮಗೆ ಎಂದೂ ತಿಳಿಸಿರಲಿಲ್ಲ. ಪ್ರಭುದೇವರ ಸಹಿ. ಅದರ ಪಕ್ಕದಲ್ಲಿ ನಿನ್ನ ಸಹಿ. ಹೈಸ್ಕೂಲಿನಿಂದಲೂ ನೀನು 'ಅ'ಗೆ ಒಂದು ಬಾಲ ಎಳೆಯುತ್ತೀಯ, ಅದನ್ನೂ ಎಳೆದಿದ್ದೀಯ.

ನಿನ್ನ ಜನವರಿಯ ಪತ್ರ ಅವತ್ತು ನನ್ನ ಬ್ಯಾಗಿನಲ್ಲೇ ಇತ್ತು. ಬ್ಯಾಗು ಮಡಿಲ ಮೇಲಿತ್ತು. ಜಿಪ್ಪು ಎಳೆದು ಮೇಜಿನ ಮೇಲೆ ಇಟ್ಟಿದ್ದರೆ ಮುಗಿಯುತ್ತಿತ್ತು. ಇಡಲಿಲ್ಲ. ನಿನ್ನ ಮೇಲಿನ ಪ್ರೀತಿಗೆ ಅಂದುಕೊಳ್ಳಬೇಡ. ನೀನು ಕೇಳಿದ್ದು ನಿಜ, ಬರೆದವಳು ನಾನು. ಆ ಮಗು ಏನು ಮಾಡುತ್ತದೆ ಎಂದು ಗೊತ್ತಿದ್ದೂ ಬರೆದೆ. ನಿನ್ನನ್ನು ಮುಂದೆ ತಳ್ಳಿ ನಾನು ಹಿಂದೆ ನಿಂತರೆ ಅವಳ ಪಾದ ವಾಸಿಯಾಗುವುದಿಲ್ಲ.

ಕೆಲಸ ಹೋಯಿತು. ಶನಿವಾರ ಮಕ್ಕಳ ಹೆಸರಿನ ಚೀಟಿಗಳನ್ನೆಲ್ಲ ಹೊಸ ಟೀಚರಿಗೆ ಕೊಟ್ಟು ಬಂದೆ. ಹೆಬ್ಬೂರು ದಾಟುವವರೆಗೆ ಬಸ್ಸಿನಲ್ಲಿ ಸುಮ್ಮನಿದ್ದೆ. ಆಮೇಲೆ ಆಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಯಾರು ತೀರಿಕೊಂಡರು ಎಂದು ಕೇಳಿತು. ಅಮ್ಮನಿಗೆ ಏನು ಹೇಳಲಿ ಎಂದು ತಿಳಿಯದೆ ರಜೆ ಎಂದಿದ್ದೇನೆ. "ಈಗ್ ಎಂಥಾ ರಜೆ?" ಎಂದು ದಿನಕ್ಕೆರಡು ಸಲ ಕೇಳುತ್ತಾಳೆ.

ನನಗೆ ಒಂದೇ ಒಂದು ವಿಷಯ ತಿಳಿಸು. ಅವಳ ಪಾದ ಹೇಗಿದೆ? ಬೇರೆ ಏನೂ ಬರೆಯಬೇಡ.

ಮುಬಶ್ಶಿರಾ


ಶಾರ್ಜಾ
೨೫ ಜುಲೈ ೨೦೨೪

ಮುಬಿ,

ಪಾದದ ಗಾಯ ಒಣಗಿದೆ. ಎಡಗಾಲಿನ ಹಿಮ್ಮಡಿಯಲ್ಲಿ ಹೊಸ ಚರ್ಮ ಬರುತ್ತಿದೆ. ಶೂ ತೋರಿಸಿದರೆ ಕಿರುಚುತ್ತಾಳೆ.

ಬೇರೆ ಏನೂ ಬರೆಯಬೇಡ ಎಂದಿದ್ದೀಯ. ಬರೆಯುತ್ತೇನೆ. ಓದದಿದ್ದರೂ ಸರಿ.

ಕ್ಲಾಸ್ ಟೀಚರಿಗೆ ಹೇಳಲು ಮೊದಲ ದಿನ ಹೋಗಿದ್ದೆ. ಆ ಹುಡುಗಿ ಭೂಮಿಕಾಳ ಕೆನ್ನೆ ಮುಟ್ಟಿ, ಎಷ್ಟು ಶಾಂತವಾದ ಮಗು ಎಂದಳು. ನನ್ನ ಮಗಳನ್ನು ಹಾಗೆ ಯಾರೂ ಅಂದಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ನಿನ್ನ ಮೇ ತಿಂಗಳ ಪತ್ರವನ್ನು ಇವರು ಆಫೀಸಿನಲ್ಲೇ ಒಡೆದು ಓದಿದ್ದರು. ನನಗೆ ಕೊಟ್ಟದ್ದು ಎಲ್ಲ ಆದ ಮೇಲೆ. "ಆಗ್ಲೇ ಕೊಟ್ಟಿದ್ರೆ ನೀನು ಹೋಗಿ ಹೇಳ್ಬಿಡ್ತಿದ್ದೆ" ಎಂದರು. ನಾನು ನಿಜವಾಗಿ ಹೇಳುತ್ತಿದ್ದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ. ತಪ್ಪನ್ನು ಅವರ ಮೇಲೆ ಹಾಕಲು ಹೊರಟರೆ ಅರ್ಧಕ್ಕೇ ಕೈ ನಿಲ್ಲುತ್ತದೆ.

ಅವತ್ತು ಅವಳು ಸಿಕ್ಕಿದ್ದು ಶಾಲೆಯಿಂದ ಒಂದು ಕಿಲೋಮೀಟರ್ ದೂರ, ಯಾವುದೋ ಗೋಡೌನಿನ ಅಂಗಳದಲ್ಲಿ, ಎರಡು ಲಾರಿಗಳ ನಡುವಿನ ನೆರಳಿನಲ್ಲಿ. ಅಲ್ಲಿನ ವಾಚ್‌ಮನ್ ತನ್ನ ಟವೆಲ್ಲು ಒದ್ದೆ ಮಾಡಿ ಕಾಲಿಗೆ ಸುತ್ತಿದ್ದ. ಹಿಂದಿಯಲ್ಲಿ ಕೇಳಿದ್ದಾನೆ, ಇಂಗ್ಲಿಷಿನಲ್ಲಿ ಕೇಳಿದ್ದಾನೆ, ಇನ್ಯಾರೋ ಅರಬ್ಬಿಯಲ್ಲಿ ಕೇಳಿದ್ದಾರೆ. ಅವಳು ಒಂದೇ ಮಾತು ಹೇಳುತ್ತಿದ್ದಳಂತೆ: "ಸಾಕು. ಸಾಕು. ಸಾಕು." ಅದನ್ನೇ ಅವಳ ಹೆಸರು ಎಂದುಕೊಂಡು, ಸಾಕು ಎಂಬ ಹುಡುಗಿ ಸಿಕ್ಕಿದ್ದಾಳೆ ಎಂದು ಪೊಲೀಸಿಗೆ ತಿಳಿಸಿದ್ದಾನೆ. ಶಾಲೆಯವರು ಹುಡುಕುತ್ತಿದ್ದದ್ದು ಭೂಮಿಕಾ ಎಂಬ ಹುಡುಗಿಯನ್ನು. ಅದಕ್ಕೇ ಅಷ್ಟು ಹೊತ್ತಾಯಿತು. ನಾನು ಹೋಗಿ ಎತ್ತಿಕೊಂಡಾಗಲೂ ಅದನ್ನೇ ಹೇಳುತ್ತಿದ್ದಳು. ಅಲ್ಲಿ ನಿಂತಿದ್ದ ಅಷ್ಟು ಜನರಲ್ಲಿ ಅದು ಅರ್ಥವಾದದ್ದು ನನ್ನೊಬ್ಬಳಿಗೆ.

ಎರಡು ದಿನದ ಮೇಲೆ ಪ್ರಿನ್ಸಿಪಾಲರು ಕರೆಸಿದರು. ತಿಳಿದೂ ಮುಚ್ಚಿಟ್ಟಿದ್ದರೆ ಇಬ್ಬರು ಮಕ್ಕಳ ಅಡ್ಮಿಷನ್ನೂ ರದ್ದು, ಕಂಪನಿಗೂ ತಿಳಿಸಬೇಕಾಗುತ್ತದೆ ಎಂದರು. ಕಿಟಕಿಯಿಂದ ಆಟದ ಮೈದಾನ ಕಾಣುತ್ತಿತ್ತು. ಬಸು ಯಾರದೋ ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುತ್ತಿದ್ದ. ಇವರು ಬರೆದರು. ನನ್ನ ಕಡೆ ತಿರುಗಿಸಿದರು. ನಾನು ಓದಿದೆ ಮುಬಿ. ಓದದೆ ಹಾಕಿದೆ ಎಂದು ಹೇಳಬಹುದಿತ್ತು. ಓದಿಯೇ ಸಹಿ ಹಾಕಿದೆ. ನಿನಗೇನೂ ಆಗುವುದಿಲ್ಲ, ಅಷ್ಟು ದೂರದ ಕಾಗದ ಯಾರು ನೋಡುತ್ತಾರೆ ಎಂದುಕೊಂಡೆ. ನಿನ್ನ ಕೆಲಸ ಹೋಗುತ್ತದೆ ಎಂದು ತಿಳಿದಿದ್ದರೆ ಹಾಕುತ್ತಿರಲಿಲ್ಲವಾ? ಬಸುವನ್ನು ನೋಡುತ್ತಾ ಕೂತಿದ್ದವಳು, ಬಹುಶಃ ಹಾಕುತ್ತಿದ್ದೆ.

ಭೂಮಿಕಾಳನ್ನು ಶಾಲೆಯಿಂದ ತೆಗೆದಿದ್ದಾರೆ. ಬಸು ಉಳಿದಿದ್ದಾನೆ. ದಿನವೆಲ್ಲ ಅವಳೂ ನಾನೂ ಏಳನೇ ಮಹಡಿಯಲ್ಲಿ, ಬಾಗಿಲಿಗೆ ಬೀಗ ಹಾಕಿಕೊಂಡು ಇರುತ್ತೇವೆ. ಕಿಟಕಿಗೆ ಇವರು ಸರಳು ಹಾಕಿಸಲು ಹೊರಟರೆ ಬಿಲ್ಡಿಂಗಿನವರು ಒಪ್ಪಲಿಲ್ಲ. ಅವಳು ಕಿಟಕಿಯ ಹತ್ತಿರ ಹೋದಾಗಲೆಲ್ಲ ನನ್ನ ಜೀವ ಹೋಗಿ ಬರುತ್ತದೆ. ಇನ್ನೂ ನಾಲ್ಕು ಕಡೆ ಕೇಳಿದೆ. ಈಗ ಅವಳ ಹೆಸರು ಹೇಳುವ ಮುಂಚೆಯೇ ಜೂನ್‌ನಲ್ಲಿ ಓಡಿಹೋದ ಮಗುವಾ ಎನ್ನುತ್ತಾರೆ.

ಆಗಸ್ಟ್ ಹದಿನೆಂಟಕ್ಕೆ ಇವರು ಅವಳನ್ನು ಕರೆತಂದು ಗುಬ್ಬಿಯಲ್ಲಿ ಬಿಡುತ್ತಾರೆ. ನಾನು ಬರುವುದಿಲ್ಲ. ಬಂದರೆ ಹಿಂದಿರುಗಲು ಆಗುವುದಿಲ್ಲ, ಇಲ್ಲಿ ಬಸು ಒಬ್ಬನೇ ಆಗುತ್ತಾನೆ. ಅವಳಿಲ್ಲದೆ ವಿಮಾನ ಹತ್ತುವುದಿಲ್ಲ ಎಂದವಳು ನಾನೇ. ಅದನ್ನು ನೀನು ನೆನಪಿಸುವ ಮುಂಚೆ ನಾನೇ ಬರೆದುಬಿಡುತ್ತೇನೆ.

ಕೇಳಲು ಮುಖವಿಲ್ಲ. ಒಂದು ಸಲ ಹೋಗಿ ಅವಳನ್ನು ನೋಡು. ಅವಳು ನನ್ನನ್ನು ಕೇಳುತ್ತಾಳಾ, ತಿಳಿಸು.

ಅನು


ತುಮಕೂರು
೩೦ ಸೆಪ್ಟೆಂಬರ್ ೨೦೨೪

ಅನುಪಮಾ,

ಹೋದೆ. ಒಂದು ಸಲವಲ್ಲ, ಆಗಸ್ಟ್ ಕೊನೆಯಿಂದ ವಾರಕ್ಕೆ ಮೂರು ದಿನ ಹೋಗುತ್ತಿದ್ದೇನೆ. ತುಮಕೂರಿನಲ್ಲಿ ಈಗ ಇಬ್ಬರು ಮಕ್ಕಳಿಗೆ ಅವರವರ ಮನೆಗೇ ಹೋಗಿ ಕಲಿಸುತ್ತೇನೆ. ಉಳಿದ ದಿನ ಇಲ್ಲಿಯ ಗುಬ್ಬಿ ಗೇಟಿನಲ್ಲಿ ನಿಮ್ಮೂರಿನ ಎಂಟೂವರೆಯ ಬಸ್ಸು ಹಿಡಿಯುತ್ತೇನೆ.

ಮೊದಲ ದಿನ ನಿನ್ನ ಅತ್ತೆ ಶಕುಂತಲಮ್ಮನವರು ಬಾಗಿಲಲ್ಲೇ ನಿಲ್ಲಿಸಿದರು.

"ನೀನೇ ಅಲ್ವೇನಮ್ಮ ಆ ರಿಪೋರ್ಟ್ ಬರ್ದೋಳು?"

"ಹೌದಮ್ಮ."

"ನಮ್ ಮಗ ಎಲ್ಲ ಹೇಳ್ದ. ಒಂದ್ ಮಾತು ಬರ್ದಿದ್ರೆ ಕೂಸಿನ್ ಕಾಲು ಹಿಂಗಾಯ್ತಿರ್ಲಿಲ್ಲ. ಈಗ್ ಯಾಕ್ ಬಂದೆ?"

"ಪಾಠ ಹೇಳ್ಕೊಡೋಕೆ."

ಅವರು ನನ್ನ ಚಪ್ಪಲಿ ನೋಡಿದರು. ಆಮೇಲೆ ಜಗಲಿಯಲ್ಲಿ ಚಾಪೆ ಹಾಸಿದರು. ಎರಡು ವಾರ ಜಗಲಿಯಲ್ಲೇ ಪಾಠ ನಡೆಯಿತು. ಈಗ ಒಳಗೆ ಕರೆಯುತ್ತಾರೆ, ಕಾಫಿ ಕೊಡುತ್ತಾರೆ. ಆದರೂ ಬೀದಿಯವರು ಯಾರಾದರೂ ಬಂದರೆ, "ಇವ್ರೇ ಕಣಮ್ಮ ಆ ಟೀಚ್ರು" ಎನ್ನುತ್ತಾರೆ. ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನಿಮ್ಮ ಊರಿನಲ್ಲಿ ನಾನು ಆ ಮಗುವಿನ ಕಾಲು ಸುಟ್ಟವಳು. ನಾನು ಏನನ್ನೂ ತಿದ್ದಿಲ್ಲ. ನಿಜ ಹೇಳಿದರೆ ಅವರು ನಿನ್ನನ್ನು ಬೈಯಬಹುದು, ಆಮೇಲೆ ನಾಚಿಕೆಗೆ ನನ್ನ ಮುಖ ನೋಡದೆ ಬಾಗಿಲು ಹಾಕಿಕೊಳ್ಳಬಹುದು. ನನಗೆ ಬಾಗಿಲು ತೆರೆದಿರುವುದು ಬೇಕು.

ಇಪ್ಪತ್ತಮೂರು ಮಾತಿನಲ್ಲಿ ನಾಲ್ಕು ಉಳಿದಿವೆ. ಮತ್ತೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾಳೆ. ನಾನು ಹೋದ ಮೊದಲ ವಾರ ಅವಳನ್ನು ನಡುಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿರುತ್ತಿದ್ದರು. ನಿನ್ನ ಮಾವ ವೀರಭದ್ರಯ್ಯನವರಿಗೆ ಕಣ್ಣು ಮಂಜು, ಅತ್ತೆಗೆ ಮಂಡಿ ನೋವು. ಓಡಿದರೆ ಹಿಡಿಯುವವರು ಯಾರು? ನಾನು ಬೈಯಲಿಲ್ಲ. ಹಿತ್ತಿಲಿಗೆ ಎತ್ತರದ ಗೇಟು ಹಾಕಿಸಲು ಹೇಳಿದೆ, ಹಾಕಿಸಿದರು. ಈಗ ದಿನಕ್ಕೆ ಎರಡು ಗಂಟೆ ಹಿತ್ತಿಲಲ್ಲಿರುತ್ತಾಳೆ. ಕಳೆದ ಶುಕ್ರವಾರ ಕೊಡದ ಹತ್ತಿರ ನಿಂತು ತಾನಾಗಿಯೇ "ನೀರು" ಎಂದಳು. ಇಡೀ ಲೋಟ ಕುಡಿದಳು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು.

ಇನ್ನು ನೀನು ಕೇಳಿದ್ದು.

ಒಂದು ಸಲ ನಿನಗೆ ಬೇಕಾದ ಹಾಗೆ ಬರೆದು ಏನಾಯಿತು ಎಂದು ಇಬ್ಬರಿಗೂ ಗೊತ್ತು. ಅದಕ್ಕೆ ಇದ್ದದ್ದನ್ನು ಬರೆಯುತ್ತೇನೆ. ಈ ಒಂದು ತಿಂಗಳಲ್ಲಿ ಅವಳು ನಿನ್ನನ್ನು ಕೇಳಿಲ್ಲ. "ಅಮ್ಮ" ಎನ್ನುವುದು ಉಳಿದ ನಾಲ್ಕು ಮಾತಿನಲ್ಲಿಲ್ಲ. ಭಾನುವಾರ ನೀನು ವಿಡಿಯೋ ಕಾಲ್ ಮಾಡಿದಾಗ ಫೋನನ್ನು ಮಗುಚಿ ಇಟ್ಟು ಎದ್ದು ಹೋಗುತ್ತಾಳಂತೆ. ಸಿಗ್ನಲ್ ಇಲ್ಲ ಎಂದು ಅತ್ತೆ ನಿನಗೆ ಹೇಳುವುದು ಅದಕ್ಕೇ. ಒಳಗೆ ನೆನಪಿದೆಯೋ ಇಲ್ಲವೋ ನನಗೆ ತಿಳಿಯದು. ಇದೆ ಎಂದು ಬರೆಯಲಾರೆ. ಇಲ್ಲ ಎಂದೂ ಬರೆಯಲಾರೆ.

ನಿನಗೆ ಕ್ಷಮೆ ಬೇಕು ಎಂದು ಆ ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತಿತ್ತು. ನನ್ನ ಹತ್ತಿರ ಅದಿಲ್ಲ. ಹುಡುಕಿ ನೋಡಿದೆ. ನನ್ನನ್ನು ನಾನು ಕ್ಷಮಿಸಿಕೊಳ್ಳುವುದಕ್ಕೇ ಇನ್ನೂ ಸಿಕ್ಕಿಲ್ಲ. ಇನ್ನು ಮೇಲೆ ನನಗೆ ಬರೆಯಬೇಡ. ಅವಳ ವಿಷಯ ತಿಂಗಳಿಗೊಮ್ಮೆ ನಾನೇ ತಿಳಿಸುತ್ತೇನೆ, ಬೇರೆ ತಂದೆತಾಯಿಗಳಿಗೆ ತಿಳಿಸುವ ಹಾಗೆ.

ರಜೆಗೆ ಬರುವುದಾದರೆ ಹತ್ತು ದಿನ ಮುಂಚೆ ಅತ್ತೆಯವರಿಗೆ ಹೇಳು. ನಿನ್ನದೊಂದು ಫೋಟೋ ಕಳಿಸು, ದಿನಾ ತೋರಿಸುತ್ತೇನೆ. ಮನೆಗೆ ಹೊಸಬರು ಬರುವುದಿದ್ದರೆ ಅವಳಿಗೆ ಮೊದಲೇ ಅಭ್ಯಾಸ ಮಾಡಿಸಬೇಕು.

ಮುಬಶ್ಶಿರಾ